ಬದಲಿ ಕೆರೆ

ಜನವರಿ ಹನ್ನೆರಡರ ಬೆಳಗ್ಗೆ ಸೋಲಾರ್ ಕಂಪನಿಯ ಮ್ಯಾನೇಜರ್ ಹರ್ಷಾ, ಶಿರಹಟ್ಟಿ ಪೊಲೀಸ್ ಠಾಣೆಗೆ ದೂರು ತಂದ. ಬೆಳ್ಳಟ್ಟಿ ಹತ್ತಿರದ ಹಳ್ಳಿಯಲ್ಲಿ ಕಂಪನಿ ಕಟ್ಟಿಸಿದ್ದ ಹೊಸ ಕೆರೆಯ ಏರಿಯನ್ನು ಯಾರೋ ಒಡೆದಿದ್ದರು. ಪಿಎಸ್‌ಐ ಕಾಂಚನಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಮಲಂಗಸಾಬನನ್ನು ಕರೆದುಕೊಂಡು ಹೊರಟಳು.

ಊರ ಹಳೆಯ ಕೆರೆಯ ಜಾಗ ಕಂಪನಿಗೆ ಬೇಕಾಗಿತ್ತು. ಚಳಿಗಾಲದಲ್ಲಿ ದೂರದೇಶದ ಹೆಬ್ಬಾತುಗಳು ಇಳಿಯುವ ಕೆರೆ ಅದು. ಅವಕ್ಕೆ ಬದಲಿ ಕೆರೆ ಮಾಡಿಕೊಟ್ಟು, ಹಕ್ಕಿಗಳು ಅಲ್ಲಿ ನೆಲೆಸಿವೆಯೆಂದು ಸರ್ಕಾರದ ಪರಿಶೀಲನಾ ಸಮಿತಿ ಒಪ್ಪಿದ ಮೇಲೆಯೇ ಹಳೆಯದನ್ನು ಮುಚ್ಚಬೇಕೆಂಬ ಷರತ್ತಿತ್ತು. ಸಮಿತಿ ಮರುದಿನವೇ ಬರುವುದಿತ್ತು.

ಒಡೆದ ಏರಿಯ ಮೇಲೆ ಟ್ರ್ಯಾಕ್ಟರ್ ಗಾಲಿಯ ಗುರುತುಗಳಿದ್ದವು. ಒಂದು ಟೈರು ಹೊಸದು, ಇನ್ನೊಂದು ಪೂರಾ ಸವೆದದ್ದು. ನೀರಿಳಿದ ಕೆಸರಿನಲ್ಲಿ ಹೆಬ್ಬಾತುಗಳು ಹೊಯ್ದಾಡುತ್ತಿದ್ದವು. ಜನ ಹತ್ತಿರ ಹೋದರೂ ಹಾರಲಿಲ್ಲ. ಮಲಂಗಸಾಬ ಒಂದನ್ನು ಹಿಡಿದು ರೆಕ್ಕೆ ಬಿಡಿಸಿದ.

"ಮೇಡಂ, ಇಲ್ನೋಡ್ರಿ. ಗರಿ ಕತ್ತರಿಸ್ಯಾರ."

ಕಾಂಚನಾ ಜೊತೆಗೆ ಬಂದಿದ್ದ ಹರ್ಷಾನ ಕಡೆ ತಿರುಗಿದಳು. "ಎಲ್ಲಿಂದ ತಂದ್ರಿ ಇವನ್ನ?"

"ಗುತ್ತಿಗೆದಾರ ಮಾಗಡಿ ಪಕ್ಷಿಧಾಮದ ಕೆರಿ ಕಡೆಯಿಂದ ಹಿಡಿಸ್ಕೊಂಡು ಬಂದಾನ್ರಿ. ತಾವಾಗೇ ಒಂದೂ ಇಳೀಲಿಲ್ಲ... ಪಂಚನಾಮಿಯೊಳಗ ಅದು ಬ್ಯಾಡ್ರಿ ಮೇಡಂ."

"ಮಲಂಗಸಾಬ್ರ, ಮೊದಲ ಅದನ್ನ ಬರೀರಿ."

ಹಕ್ಕಿಗಳನ್ನು ಅರಣ್ಯ ಇಲಾಖೆಯ ವಶಕ್ಕೆ ಕೊಟ್ಟು, ಹರ್ಷಾ ಮತ್ತು ಗುತ್ತಿಗೆದಾರನ ಬಗ್ಗೆ ಅವರಿಗೆ ಪ್ರತ್ಯೇಕ ವರದಿ ಕಳಿಸಿದಳು. ಗಾಲಿಯ ಗುರುತು ಹಿಡಿದು ಊರಲ್ಲಿ ಮನೆಮನೆಯ ಟ್ರ್ಯಾಕ್ಟರ್ ನೋಡುತ್ತ ಹೋಗಲು ಎರಡು ದಿನ ಹಿಡಿಯಿತು. ಟೈರು ಹೊಂದಿದ್ದು ಅನ್ನಪೂರ್ಣವ್ವನ ಅಂಗಳದಲ್ಲಿ. ಹೊಸ ಕೆರೆಗೆ ತನ್ನ ಹೊಲವನ್ನೇ ಬಿಟ್ಟುಕೊಟ್ಟಿದ್ದ ಹೆಂಗಸು ಆಕೆ.

"ಟ್ರ್ಯಾಕ್ಟರ್ ಯಾರು ಹೊಡೀತಾರಬೇ?"

"ನಾನ ಹೊಡೀತೀನಿ. ಏರಿ ಒಡದಾಕಿನೂ ನಾನ. ಕುಂಡ್ರವಾ, ಯಾಕ ನಿಂತಿ?"

ಕಾಂಚನಾ ಕೂರಲಿಲ್ಲ. "ಹೊಲಾ ಕೊಟ್ಟಾಕಿ ನೀನ. ಒಡದಾಕಿನೂ ನೀನ?"

"ಹಳೀ ಕೆರಿ ಬಿಡಾಕ ಊರ ಮಂದಿ ಒಪ್ಪಿದ್ದಿಲ್ಲ. ಬಸವಣ್ಣನ ಗುಡಿ ಕಟ್ಟಿ ಮ್ಯಾಲ ನಿಂತು ನಾನ ಒಪ್ಪಿಸಿದೆ. ಹಕ್ಕಿಗೇನು, ನೀರಿದ್ದಲ್ಲಿ ಬರ್ತಾವ ಅಂದೆ. ಖರೇನ ಹಂಗ ಅನ್ಕೊಂಡಿದ್ದೆ." ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೊನ್ನೆ ಹೋಗಿ ನೋಡಿದ್ರ, ಹಾರಾಕ ಒದ್ದಾಡಿ ಒದ್ದಾಡಿ ಬೀಳಾಕ ಹತ್ತಿದ್ವು. ಅವನ್ನ ತೋರಿಸಿ ಕಂಪನಿಯವ್ರು ಸಮಿತಿ ಕಡೆ ಸೈ ಮಾಡಿಸ್ಕೋತಿದ್ರು. ನೀರ ಇಲ್ಲಂದ್ರ ಏನ ತೋರಿಸ್ತಾರ ಅಂತ ಒಡದೆ."

"ಠಾಣಿಗೆ ಬರಬಹುದಿತ್ತಲ್ಲ?"

"ಬಂದ್ರ ಕೇಳ್ತಿದ್ರೇನವಾ?"

ಕಾಂಚನಾ ಟ್ರ್ಯಾಕ್ಟರ್ ಜಪ್ತಿ ಮಾಡಿ, ಹೇಳಿಕೆ ಪಡೆದು, ಬಂಧನದ ಕಾರಣವನ್ನು ಆಕೆಗೆ ಓದಿ ಹೇಳಿದಳು. ಅನ್ನಪೂರ್ಣವ್ವ ಎಮ್ಮೆಗೆ ಮೇವು ಹಾಕಿ, ಬಾಗಿಲಿಗೆ ಕೀಲಿ ಜಡಿದು ಜೀಪು ಹತ್ತಿದಳು.

ಊರ ಹೊರಗೆ ಜೀಪು ನಿಲ್ಲಬೇಕಾಯಿತು. ಮಣ್ಣು ತುಂಬಿದ ಟಿಪ್ಪರುಗಳು ಸಾಲಾಗಿ ಹಳೆಯ ಕೆರೆಯತ್ತ ತಿರುಗುತ್ತಿದ್ದವು. ಸಮಿತಿ ಹಿಂದಿನ ದಿನ ಬಂದು ಹೋಗಿತ್ತು. ಏರಿ ಒಡೆಯುವ ಮೊದಲಿನ ಫೋಟೊಗಳನ್ನು ಕಂಪನಿ ತೋರಿಸಿತ್ತು. ಕಾಂಚನಾಳ ವರದಿ ಸಮಿತಿಯ ಮುಂದೆ ಬಂದೇ ಇರಲಿಲ್ಲ. ಹಕ್ಕಿಗಳು ನೆಲೆಸಿದ್ದವು, ಕಿಡಿಗೇಡಿಗಳು ಹಾಳು ಮಾಡಿದರು, ಕಂಪನಿಯ ಹೊಣೆ ಮುಗಿಯಿತು ಎಂದು ಸಮಿತಿ ಒಪ್ಪಿಕೊಂಡಿತ್ತು.

"ಎಲ್ಲಿಗಿ ಹೊಂಟಾವವಾ ಇವು?" ಅನ್ನಪೂರ್ಣವ್ವ ಕೇಳಿದಳು.

"ಹಳೀ ಕೆರಿ ಮುಚ್ಚಾಕಬೇ," ಮಲಂಗಸಾಬನೇ ಮೆಲ್ಲಗೆ ಹೇಳಿದ. ಮುದುಕಿ ಕೊನೆಯ ಟಿಪ್ಪರ್ ದಾಟುವವರೆಗೂ ನೋಡುತ್ತಲೇ ಕೂತಳು.