ಮೂರನೇ ಮಹಡಿಯ ಹದಿನೇಳನೇ ಬಾಗಿಲು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಏನೆಂದು ಇನ್‌ಸ್ಪೆಕ್ಟರಮ್ಮನ ತಲೆಗೆ ಹೋಗಲು ಎರಡು ಲೋಟ ಚಹಾ ಬೇಕಾಯಿತು. ದೂರು ತಂದವರು ಹೊಸ ಆಸ್ಪತ್ರೆಯ ನಿರ್ವಹಣಾ ಎಂಜಿನಿಯರ್. ಕಂಪ್ಯೂಟರಿನಲ್ಲಿರುವ ಕಟ್ಟಡದಲ್ಲಿ ಯಾರೋ ಸುಳ್ಳು ಬರೆದಿದ್ದಾರೆ, ಗುರುವಾರ ಆಸ್ಪತ್ರೆ ತೆರೆದು ರೋಗಿಗಳು ಬರುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿ ಬೆವರು ಒರೆಸಿಕೊಂಡರು.

ಆಮೇಲೆ ಬಿಡಿಸಿ ಹೇಳಿದರು. ಈಗ ಯಾವ ದೊಡ್ಡ ಕಟ್ಟಡ ಕಟ್ಟಿದರೂ ಅದರ ಪಡಿಯಚ್ಚು ಕಂಪ್ಯೂಟರಿನಲ್ಲಿಯೂ ಇರುತ್ತದೆ, ಅದಕ್ಕೆ ಮಾಡೆಲ್ ಎನ್ನುತ್ತಾರೆ. ಬಾಗಿಲು ಬೆಂಕಿಯನ್ನು ಎಷ್ಟು ನಿಮಿಷ ತಡೆಯುತ್ತದೆ, ಅದರ ಪರೀಕ್ಷೆ ಆಗಿದೆಯೇ ಎಂಬಂಥ ಮಾಹಿತಿಯ ಪಟ್ಟಿಯನ್ನು ಕಟ್ಟಿಸುವವರು ಮೊದಲೇ ಕೊಟ್ಟಿರುತ್ತಾರೆ. ಮಾಡೆಲ್‌ನಲ್ಲಿ ಅದೆಲ್ಲ ತುಂಬಿದೆಯೇ ಎಂದು ಒಂದು ಸಾಫ್ಟ್‌ವೇರ್ ನೋಡುತ್ತದೆ. ಖಾಲಿ ಇದ್ದರೆ ಕೆಂಪು, ತುಂಬಿದ್ದರೆ ಹಸಿರು. ಆಸ್ಪತ್ರೆಯ ಇನ್ನೂರ ಹದಿನಾಲ್ಕು ಬಾಗಿಲುಗಳೂ ಹಸಿರಾಗಿದ್ದವು. ಆದರೆ ಬಾಗಿಲಿಗೊಂದರಂತೆ ಇರಬೇಕಾದ ಪರೀಕ್ಷಾ ಪ್ರಮಾಣಪತ್ರದ ಸಂಖ್ಯೆ ನಲವತ್ತಮೂರಕ್ಕೆ ಒಂದೇ ಆಗಿತ್ತು.

“ತುಂಬಿದ್ದು ನಿಜವೋ ಸುಳ್ಳೋ ಅಂತ ಅದು ನೋಡಲ್ವಾ?”

“ಇಲ್ಲ ಮೇಡಂ. ತುಂಬಿದಾರಾ ಅಂತ ಅಷ್ಟೇ.”

ನಮ್ಮ ಹಾಜರಿ ಪುಸ್ತಕದ ಹಾಗೆ ಅನ್ನಿ ಎಂದ ಹೆಡ್ ಕಾನ್‌ಸ್ಟೆಬಲ್. ಪ್ರತಿಯೊಂದಕ್ಕೂ ವೇಳೆ ಬರೆದಿಡುವ ಅವನನ್ನು ಠಾಣೆಯವರು ಗಡಿಯಾರ ಎಂದೇ ಕರೆಯುತ್ತಿದ್ದರು. ಹತ್ತೂ ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೆರಡೂ ಹತ್ತಕ್ಕೆ ಅಗ್ನಿಶಾಮಕ ಅಧಿಕಾರಿಯನ್ನು ಕರೆದುಕೊಂಡು ಎಲ್ಲರೂ ಆಸ್ಪತ್ರೆಗೆ ಹೋದರು. ಒಬ್ಬ ನರ್ಸ್, ಒಬ್ಬ ಪೇಂಟರ್ ಪಂಚರಾದರು. ನಲವತ್ತಮೂರು ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ, ಅಳೆದು, ಪಂಚನಾಮೆಗೆ ಬರೆದುಕೊಳ್ಳುತ್ತ ಹೋದರು. ಮೂರನೇ ಮಹಡಿಯ ಹದಿನೇಳನೇ ಬಾಗಿಲು ಅರವತ್ತು ನಿಮಿಷ ತಡೆಯುತ್ತದೆ, ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಪಟ್ಟಿಯಲ್ಲಿತ್ತು. ಅವರ ಮುಂದಿದ್ದುದು ಗೋಡೆ. ವಾರದ ಹಿಂದೆ ತಾನೇ ಬಣ್ಣ ಹೊಡೆದೆನೆಂದು ಪೇಂಟರ್ ಹೇಳಿದ.

“ಪರೀಕ್ಷೆ ಪಾಸಾಗಿರೋ ಗೋಡೆ ಮೇಡಂ” ಎಂದ ಗಡಿಯಾರ, ಮುಖದಲ್ಲಿ ನಗು ತೋರಿಸದೆ.

ಸಂಜೆ ನಾಲ್ಕಕ್ಕೆ ಲೆಕ್ಕ ಸಿಕ್ಕಿತು. ಮೂವತ್ತೊಂದು ಬಾಗಿಲುಗಳು ಸರಿಯಾದವೇ. ಹನ್ನೊಂದು ಬರೀ ಮರದವು, ಹೊತ್ತಿಕೊಂಡರೆ ಐದು ನಿಮಿಷವೂ ನಿಲ್ಲುವುದಿಲ್ಲ. ಉಳಿದದ್ದು ಆ ಗೋಡೆ. ಗುರುವಾರ ಯಾರನ್ನೂ ಒಳಗೆ ತರಬಾರದೆಂದು ಅಧಿಕಾರಿ ಅಲ್ಲೇ ಆದೇಶ ಬರೆದುಕೊಟ್ಟರು. ಇನ್‌ಸ್ಪೆಕ್ಟರಮ್ಮನಿಗೆ ಅರ್ಧ ಜೀವ ಬಂದಂತಾಯಿತು.

ಯಾರು ಯಾವಾಗ ಏನು ತುಂಬಿದರೆಂದು ಸಾಫ್ಟ್‌ವೇರ್ ನೆನಪಿಟ್ಟುಕೊಂಡಿರುತ್ತದೆ. ನಲವತ್ತಮೂರನ್ನೂ ಹದಿನಾಲ್ಕನೇ ತಾರೀಖು ಮಧ್ಯಾಹ್ನ ಮೂರೂ ನಲವತ್ತಕ್ಕೆ ಒಟ್ಟಿಗೆ ತುಂಬಲಾಗಿತ್ತು, ಕಟ್ಟಡ ಕಂಪನಿಯ ಒಬ್ಬ ಹೆಂಗಸಿನ ಹೆಸರಲ್ಲಿ. ಆ ಹೊತ್ತಿಗೆ ಆಕೆ ಹೆರಿಗೆ ಕೋಣೆಯಲ್ಲಿದ್ದಳು. ಪಾಸ್‌ವರ್ಡ್ ಕಚೇರಿಯ ಅವಳ ಮೇಜಿನ ಮೇಲೆ ಚೀಟಿಯಲ್ಲಿ ಅಂಟಿಸಿತ್ತು. ಆ ಕಚೇರಿಯ ಉಳಿದ ಐವರಲ್ಲಿ ಯಾರು ಬೇಕಾದರೂ ಓದಬಹುದಿತ್ತು.

ಇನ್‌ಸ್ಪೆಕ್ಟರಮ್ಮನ ಮನಸ್ಸು ಗೋಡೆಯನ್ನೇ ಹಿಡಿದುಕೊಂಡಿತು. ಬಾಗಿಲೇ ಇಲ್ಲವೆಂದು ಗೊತ್ತಿರುವವರು ಅದಕ್ಕೆ ಪರೀಕ್ಷೆ ಏಕೆ ಬರೆಯುತ್ತಾರೆ? ವಿಚಾರಿಸಿದರೆ, ಆ ಬಾಗಿಲು ಕೈಬಿಟ್ಟು ಗೋಡೆ ಕಟ್ಟುವ ತೀರ್ಮಾನವಾದದ್ದು ಹತ್ತನೇ ತಾರೀಖಿನ ಸಭೆಯಲ್ಲಿ, ಬಾಯಿಮಾತಿನಲ್ಲಿ. ಮಾಡೆಲ್‌ನಲ್ಲಿ ಇನ್ನೂ ತಿದ್ದಿರಲಿಲ್ಲ. ಸಭೆಯ ಹಾಜರಿಯಲ್ಲಿ ಆ ಐವರಲ್ಲಿ ನಾಲ್ವರ ಸಹಿಗಳಿದ್ದವು. ಐದನೆಯವನು ಹತ್ತರಿಂದ ಮೂರು ದಿನ ರಜೆಯಲ್ಲಿದ್ದ.

ಮಂಗಳವಾರ ಒಂಬತ್ತೂವರೆಗೆ ಅವನನ್ನು ಕರೆಸಿದರು. ಮೂವತ್ತರ ಆಸುಪಾಸಿನ, ಕಣ್ಣಿನ ಕೆಳಗೆ ಕಪ್ಪುಗಟ್ಟಿದ ಮನುಷ್ಯ.

“ಮೂರನೇ ಮಹಡಿ ಹದಿನೇಳನೇ ಬಾಗಿಲು ಯಾವ ಕಡೆಗೆ ತೆರೆಯುತ್ತೆ?”

“ಒಳಗಡೆಗೆ ಮೇಡಂ.”

“ಬಾಗಿಲು ಹಾಕಿದ ಮೇಲೆ ನೀವೇ ನೋಡಿದ್ರಾ?”

“ನೋಡಿದೀನಿ.”

ಅವರು ಪಂಚನಾಮೆಯ ಫೋಟೋವನ್ನು ಅವನ ಮುಂದಿಟ್ಟರು. ಅವನು ಗೋಡೆಯ ಚಿತ್ರವನ್ನು ಬಹಳ ಹೊತ್ತು ನೋಡಿದ, ಆಮೇಲೆ ಎಲ್ಲವನ್ನೂ ಒಪ್ಪಿಕೊಂಡ. ಹತ್ತೂ ಹನ್ನೆರಡಕ್ಕೆ ಬಂಧನವಾಯಿತು.

ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಅವಳ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ಹಳೆ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮೂರೇ ಯಂತ್ರಗಳು. ವಾರಕ್ಕೆ ಮೂರು ದಿನ ಮೊಗಸಾಲೆಯ ಬೆಂಚಿನ ಮೇಲೆ ಸರದಿಗಾಗಿ ಕಾಯಬೇಕು. ಹೊಸದರಲ್ಲಿ ಇಪ್ಪತ್ತಿದ್ದವು. ನಲವತ್ತಮೂರು ಕೆಂಪು ಗುರುತುಗಳಿಂದ ಅದರ ಆರಂಭ ಮತ್ತೊಂದು ತಿಂಗಳು ಮುಂದೆ ಹೋಗುವುದರಲ್ಲಿತ್ತು. ಬಾಗಿಲುಗಳು ಸರಿಯಾಗಿಯೇ ಇರುತ್ತವೆ, ತಡವಾಗಿರುವುದು ಕಾಗದ ಮಾತ್ರ ಎಂದುಕೊಂಡು ತುಂಬಿಬಿಟ್ಟನಂತೆ.

ಸರಿಯಿಲ್ಲದ ಬಾಗಿಲುಗಳು ಯಾವುವು ಎಂದು ಅವನೇ ಕೇಳಿದ. ತೋರಿಸಲೇಬೇಕೆಂದೇನೂ ಇರಲಿಲ್ಲ, ಆದರೂ ಇನ್‌ಸ್ಪೆಕ್ಟರಮ್ಮ ಪಟ್ಟಿಯನ್ನು ಅವನ ಕಡೆ ತಿರುಗಿಸಿದರು. ಅವನ ಬೆರಳು ಏಳನೇ ಸಾಲಿನಲ್ಲಿ ನಿಂತಿತು.

“ಇದು ಡಯಾಲಿಸಿಸ್ ವಾರ್ಡಿಂದು.”

“ಹೌದು. ಇವತ್ತು ಬೆಳಿಗ್ಗೆ ಬಿಚ್ಚಿಸಿದ್ವಿ. ಹೊಸದು ಹತ್ತು ದಿನದಲ್ಲಿ ಬರುತ್ತೆ. ಅಲ್ಲೀವರೆಗೂ ಯಾರನ್ನೂ ಅಲ್ಲಿ ಮಲಗಿಸಲ್ಲ.”

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಕೊನೆಗೆ ಅವನು ತಲೆಯೆತ್ತಿದ.

“ಸದ್ಯ ಮೇಡಂ, ಗುರುವಾರದೊಳಗೇ ಸಿಕ್ಕಿಬಿದ್ದೆ.”

ಆ ಮಾತನ್ನೂ ಅವರು ಹೇಳಿಕೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿಕೊಂಡರು.