ಅಸಲಿ ಹಾರ್ನ್

ಹಳೇ ಅಮೆರಿಕನ್ ಕಾರುಗಳನ್ನು ಹೊಸದು ಮಾಡುವ ನನಗೆ ಅಸಲಿ ಭಾಗವೇ ಆಗಬೇಕು. ಒಂದು ಹಸಿರು ಕಾರಿನ ಹಾರ್ನ್ ಹುಡುಕುತ್ತ ಅದರ ಮೊದಲ ಮಾಲೀಕನ ಮಗಳ ಮನೆ ತಲುಪಿದೆ.

"ಅಪ್ಪ ಇದನ್ನ ಹೊಡೆದ್ರೆ ಅಮ್ಮ ಪಾತ್ರೆ ತೊಳೀತಿದ್ರೂ ಓಡಿ ಬಂದು ಗೇಟ್ ತೆಗೀಬೇಕಿತ್ತು. ತಡವಾದ್ರೆ ಏಟು. ಅಮ್ಮ ಸತ್ತ ದಿನ ನಾನೇ ಬಿಚ್ಚಿಟ್ಟೆ. ಬರೀ ನೋಡೋಕೆ ಇಟ್ಕೊಳ್ಳಿ ಅಣ್ಣ, ಜೋಡಿಸ್ಬೇಡಿ," ಎಂದಳು. ಹೂಂ ಎಂದೆ.

ಜೋಡಿಸಿ, ಮಟಮಟ ಮಧ್ಯಾಹ್ನ ಒಮ್ಮೆ ಒತ್ತಿದೆ. ನನ್ನ ಶೆಡ್ಡಿನ ಗೇಟು ತಾನಾಗಿ ತೆರೆಯಿತು. ಚಿಲಕದ ತುಂಬ ಸೋಪಿನ ನೊರೆ, ಬೆಚ್ಚಗೆ.

ಕಾರಿನ ಈಗಿನ ಯಜಮಾನರಿಗೆ ಎಲ್ಲ ಹೇಳಿ, ಬಿಚ್ಚಿಬಿಡಲೇ ಎಂದೆ.

"ಯಾಕ್ರೀ? ನಮ್ಮನೇಲಿ ಹೇಗೂ ಗೇಟ್ ತೆಗೆಯೋರಿಲ್ಲ," ಎಂದು ನಕ್ಕರು.

ನಿನ್ನೆ ಅವರ ಮನೆ ಮುಂದೆ ಹಾದುಹೋಗುತ್ತಿದ್ದಾಗ ಅವರು ಗೇಟಿನೆದುರು ಕಾರು ನಿಲ್ಲಿಸಿ ಹಾರ್ನ್ ಒತ್ತಿದರು. ಗೇಟು ತೆರೆಯುವುದು ಸ್ವಲ್ಪ ತಡವಾಯಿತು. ಅವರು ಹಾರ್ನನ್ನು ಮುಷ್ಟಿಯಿಂದ ಗುದ್ದಿದರು. ಕಾರು ಒಳಗೆ ಹೋದ ಮೇಲೆ ಹತ್ತಿರ ಹೋಗಿ ನೋಡಿದೆ. ಚಿಲಕದ ಮೇಲಿನ ನೊರೆ ಕೆಂಪಗಿತ್ತು.