ಕಿಟಕಿಯಲ್ಲಿ ನಿಂತ ತಟ್ಟೆ

"ಇದು ಹೊರಗೆ ಹೋಗಲ್ಲ."

ಅಡುಗೆಮನೆಗೂ ಊಟದ ಹಾಲ್‌ಗೂ ನಡುವೆ ಒಂದು ಕಿಟಕಿ. ಅವಳು ಈಗಷ್ಟೇ ಅಲ್ಲಿಟ್ಟಿದ್ದ ಅಣಬೆ ಸೂಪಿನ ಬಟ್ಟಲು ಅದೇ ಕಿಟಕಿಯಿಂದ ಒಳಕ್ಕೆ ಸರಿದು ಬಂತು. ಸರಿಸಿದವನು ಅವತ್ತೇ ಕೆಲಸಕ್ಕೆ ಸೇರಿದ್ದ ಕ್ಯಾಪ್ಟನ್. ಯಾವ ಮೇಜಿಗೆ ಯಾವ ತಟ್ಟೆ ಹೋಗಬೇಕೆಂದು ನೋಡಿಕೊಳ್ಳುವವನು. ಕಪ್ಪು ವೇಸ್ಟ್‌ಕೋಟು, ಇಸ್ತ್ರಿ ಮುರಿಯದ ಅಂಗಿ, ನಗುವನ್ನು ಮನೆಯಲ್ಲೇ ಬಿಟ್ಟು ಬಂದ ಮುಖ.

"ಯಾಕಂತೆ?" ಎಂದಳು ಅವಳು.

"ಉಪ್ಪು ಜಾಸ್ತಿಯಾಗಿದೆ, ಶೆಫ್."

ಊರಿನ ದುಬಾರಿ ಹೋಟೆಲ್‌ಗಳಲ್ಲಿ ಅದೂ ಒಂದು. ಅವಳ ಸೂಪ್ ಕುಡಿಯಲೆಂದೇ ಜನ ವಾರಗಟ್ಟಲೆ ಮೊದಲು ಮೇಜು ಕಾದಿರಿಸುತ್ತಿದ್ದರು. ಇವತ್ತು ಬಂದವನು ಅವಳಿಗೇ ಉಪ್ಪಿನ ಪಾಠ ಹೇಳುವುದೇ? ಚಮಚ ಅದ್ದಿ ಬಾಯಿಗಿಟ್ಟುಕೊಂಡಳು.

ಏನೂ ಇಲ್ಲ... ಬಿಸಿ ಇದೆ, ಅಷ್ಟೇ.

"ಸರಿಯಾಗೇ ಇದೆ," ಎಂದಳು. ಆದರೂ ಇನ್ನೊಮ್ಮೆ ಚಮಚ ಅದ್ದಿ ನೋಡಿದಳು.

ಅವನ ಕಣ್ಣು ಅವಳ ಮುಖದ ಮೇಲೆ ಕ್ಷಣಹೊತ್ತು ನಿಂತಿತು. ವಾದ ಮಾಡಲಿಲ್ಲ. "ಇನ್ನೊಂದು ಬಟ್ಟಲು ಮಾಡಿಕೊಡಿ. ಮೇಜಿನವರಿಗೆ ನಾನು ಏನೋ ಹೇಳ್ತೀನಿ," ಎಂದು ತಿರುಗಿ ಹೋದ.

ಅವಳು ಅವನಿಗೆ ಅಲ್ಲೇ ನಾಮಕರಣ ಮಾಡಿದಳು. ಗಂಟುಮುಖ.

ಆದರೆ ಅವಳ ಸಿಟ್ಟಿನ ಕೆಳಗೆ ಇದ್ದದ್ದು ಭಯ. ಬೇಸಿಗೆಯ ಕೊನೆಗೆ ಬಂದ ಜ್ವರ ಬರಿಗೈಯಲ್ಲಿ ಹೋಗಿರಲಿಲ್ಲ. ಅವಳ ಮೂಗನ್ನೂ ನಾಲಿಗೆಯನ್ನೂ ಹೊತ್ತುಕೊಂಡು ಹೋಗಿತ್ತು. "ವಾಪಸ್ ಬರಬಹುದು, ಕಾಯಿರಿ," ಎಂದಿದ್ದರು ಡಾಕ್ಟರು. ಅಡುಗೆಯವಳು ರುಚಿಗಾಗಿ ಕಾಯುತ್ತ ಕೂತರೆ ಅವಳ ಒಲೆಯ ಮುಂದೆ ಬೇರೆಯವರು ಬಂದು ನಿಲ್ಲುತ್ತಾರೆ. ಈರುಳ್ಳಿ ಹೆಚ್ಚುವ ಕೆಲಸದಿಂದ ಮೇಲೆ ಬಂದವಳಿಗೆ ತನ್ನದು ಎಂದು ಹೇಳಿಕೊಳ್ಳಲು ಆ ಒಲೆಯೊಂದೇ ಇತ್ತು.

ಹಾಗಾಗಿ ಕೈಯಳತೆ, ಕಣ್ಣಳತೆ, ನೆನಪು, ಇಷ್ಟರಲ್ಲೇ ಅಡುಗೆ ಸಾಗುತ್ತಿತ್ತು. ಇವತ್ತಿನ ಟೊಮೆಟೊ ನಿನ್ನೆಯದರಷ್ಟೇ ಹುಳಿ ಇರಬೇಕೆಂದು ಎಲ್ಲಿ ಬರೆದಿದೆ? ಅದನ್ನು ಮಾತ್ರ ಕೈಯಳತೆ ಹೇಳುತ್ತಿರಲಿಲ್ಲ.

"ಏನು ಹಾಕಿದ್ರೂ ಮಾತಾಡದೆ ತಿಂತಿದ್ದೀಯಲ್ಲೇ, ಹುಷಾರಾಗಿದ್ದೀಯ ತಾನೇ?" ಎಂದು ಒಂದು ದಿನ ಅಮ್ಮ ಕೇಳಿದ್ದಳು.

"ನಿನ್ನ ಅಡುಗೆಗೆ ಹೆಸರಿಡೋಕೆ ಏನಿದೆಯಮ್ಮ," ಎಂದು ತೇಲಿಸಿಬಿಟ್ಟಿದ್ದಳು.

ಇತ್ತ ಗಂಟುಮುಖನ ಕಾಟ ಬೇರೆ ರೂಪಕ್ಕೆ ತಿರುಗಿತು. ಅವನು ಬಟ್ಟಲು ವಾಪಸ್ ಕಳಿಸುತ್ತಿರಲಿಲ್ಲ. ಆದರೆ ಕಿಟಕಿಯಲ್ಲಿಟ್ಟ ತಟ್ಟೆಯನ್ನು ಮೇಜಿಗೂ ಒಯ್ಯುತ್ತಿರಲಿಲ್ಲ. ಉಪ್ಪು, ನಿಂಬೆ ಹೋಳು ಇಟ್ಟಿರುತ್ತಿದ್ದ ಹಾಲ್ ಬದಿಯ ಪುಟ್ಟ ಮೇಜಿನ ಹತ್ತಿರ ಇವಳಿಗೆ ಬೆನ್ನು ಹಾಕಿ ನಿಂತು ಏನೋ ಮಾಡುತ್ತಿದ್ದ. ಅವಳು ಇಲ್ಲಿಂದಲೇ ತಟ್ಟೆಯ ಹಬೆ ಇಳಿಯುವುದನ್ನು ನೋಡಿ ಹಲ್ಲು ಕಡಿಯುತ್ತಿದ್ದಳು.

"ತಟ್ಟೆ ಮುಂದೆ ಧ್ಯಾನ ಮಾಡ್ತೀರಾ?"

"ಅಂಚು ಒರೆಸ್ತಿದ್ದೆ, ಶೆಫ್."

"ಒರೆಸಿ ಒರೆಸಿ ಅಂಚೇ ಸವೆದು ಹೋಗುತ್ತೆ ನೋಡಿ."

ಅವನ ತುಟಿಯ ಕೊನೆ ಅಲುಗಿತು. ನಗಲಿಲ್ಲ. ಹೋದ ವಾರ ಬಾಣಲೆ ತಾಗಿ ಮಣಿಕಟ್ಟು ಸುಟ್ಟಾಗ, ಒಂದು ಮಾತೂ ಆಡದೆ ಬಟ್ಟೆಯಲ್ಲಿ ಐಸ್ ಸುತ್ತಿ ಕಿಟಕಿಯಲ್ಲಿಟ್ಟು ಹೋದವನೂ ಇವನೇ. ಇಂಥವನನ್ನು ದ್ವೇಷಿಸುವುದೂ ಸುಲಭದ ಕೆಲಸವಲ್ಲ.

ಪಾತ್ರೆ ತೊಳೆಯುವ ಅಕ್ಕನದು ಬೇರೆಯೇ ಗೋಳು. "ಸಿಹಿ ತಿನ್ನೋರು ನಾಲ್ಕು ಜನ. ಚಿಕ್ಕ ಚಮಚ ಮಾತ್ರ ರಾಶಿ ಬೀಳುತ್ತೆ. ಯಾರು ನೆಕ್ಕಿ ಬಿಸಾಕ್ತಾರೋ ಕಾಣೆ."

ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಯಜಮಾನಿ ಎಲ್ಲರನ್ನೂ ಹಾಲ್‌ಗೆ ಕರೆದರು. ಕೈಯಲ್ಲಿ ಫೋನು, ಹಣೆಯಲ್ಲಿ ಗೆರೆ.

"ಗಿರಾಕಿಗಳು ಏನು ಬರೆದಿದ್ದಾರೆ ಕೇಳಿ. 'ಇಂಥ ಸೂಪ್ ಜನ್ಮದಲ್ಲಿ ಕುಡಿದಿಲ್ಲ, ಆದ್ರೆ ಬರೋಷ್ಟರಲ್ಲಿ ಆರಿತ್ತು.' 'ಮೀನು ಅದ್ಭುತ, ಕಾದೂ ಕಾದೂ ಸಾಕಾಯ್ತು.' ಇದು ನೋಡಿ, 'ಬಿಸಿಬಿಸಿಯಾಗಿ ಬೇಗ ಬಂತು, ಬಾಯಿಗಿಡೋ ಹಾಗಿರಲಿಲ್ಲ.' ಒಂದೇ ಹೋಟ್ಲು, ಒಂದೇ ಕೈ. ಒಬ್ಬರು ತಲೆ ಮೇಲೆ ಹೊತ್ಕೋತಾರೆ, ಒಬ್ಬರು ಉಗೀತಾರೆ. ಎಲ್ಲೋ ಏನೋ ಕೆಟ್ಟಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳ ಸ್ಥಿತಿ. ಯಾರೂ ಕೇಳುವ ಮೊದಲೇ ಬಾಯಿ ಓಡಿತು.

"ನನ್ನ ತಟ್ಟೆಗಳನ್ನ ಇವರು ತಡೆದು ನಿಲ್ಲಿಸ್ಕೋತಾರೆ ಮೇಡಂ. ಆರದೆ ಇನ್ನೇನಾಗುತ್ತೆ?"

ಯಜಮಾನಿ ಅವನತ್ತ ತಿರುಗಿದರು. "ನಿಜಾನಾ?"

"ನಿಜ ಮೇಡಂ."

"ಯಾಕೆ?"

ಅವನು ಅವಳತ್ತ ಒಂದು ಸಲ ನೋಡಿದ. "ಅಭ್ಯಾಸ."

'ಒಂದು ಸುಳ್ಳಾದರೂ ಹೇಳಬಾರದಿತ್ತೇ ಇವನು...' ಗೆದ್ದವಳಿಗೆ ಗೆದ್ದ ಖುಷಿಯೇ ಆಗಲಿಲ್ಲ.

"ಹೋದ ತಿಂಗಳು ಬೈದು ಎದ್ದುಹೋದ ಕುಟುಂಬ ನಾಳೆ ಸಂಜೆ ಬರ್ತಿದೆ," ಎಂದರು ಯಜಮಾನಿ. "ಅಪ್ಪ ಅಮ್ಮನ ಮದುವೆಯಾದ ದಿನ ಅಂತೆ. ನನ್ನ ಮಾತು ನಂಬಿ ಬರ್ತಿದ್ದಾರೆ. ಕ್ಯಾಪ್ಟನ್, ನೀವು ಬಾಗಿಲ ಹತ್ರ ನಿಲ್ಲಿ, ಕಿಟಕಿ ಕಡೆ ಸುಳೀಬೇಡಿ. ನಾಳೆನೂ ಎಡವಟ್ಟಾದ್ರೆ ನಿಮ್ಮಿಬ್ಬರಲ್ಲಿ ಒಬ್ಬರು ಇಲ್ಲಿರಲ್ಲ."

ಎಲ್ಲರೂ ಎದ್ದ ಮೇಲೆ ಅವನು ಅವಳ ಹತ್ತಿರ ಬಂದ. "ಶೆಫ್, ಫ್ರಿಜ್ ಯಾಕೋ ಸರಿಯಿಲ್ಲ. ನಾಳೆ ಕೆನೆ ಹೊಸ ಡಬ್ಬಿದೇ ಹಾಕಿ."

"ನನ್ನ ಕೆಲಸ ನನಗೆ ಗೊತ್ತು."

ಹಠ ಎಂದರೆ ಹಠ. ಮರುದಿನ ಅವಳು ಬೇಕೆಂದೇ ಆಗಲೇ ತೆರೆದಿಟ್ಟಿದ್ದ ಹಳೆಯ ಡಬ್ಬಿಗೇ ಕೈ ಹಾಕಿದಳು.

ಆ ಸಂಜೆ ತಟ್ಟೆಗಳನ್ನು ತಡೆಯುವವರಿರಲಿಲ್ಲ. ಅವಳು ಇಟ್ಟದ್ದೇ ತಡ, ಸೂಪಿನ ಬಟ್ಟಲುಗಳು ಹಬೆಯಾಡುತ್ತಲೇ ಆ ದೊಡ್ಡ ಮೇಜಿಗೆ ಹೋದವು. 'ನೋಡಿದೆಯಾ ಗಂಟುಮುಖ, ನೀನಿಲ್ಲದೆಯೂ ನಡೆಯುತ್ತದೆ,' ಎಂದುಕೊಂಡಳು. ಅವನಿಲ್ಲದ ಕಿಟಕಿ ಯಾಕೋ ಬಿಕೋ ಎನ್ನುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಟ್ಟಲುಗಳು ವಾಪಸ್ ಬಂದವು. ಒಂದಲ್ಲ, ಅಷ್ಟೂ. ಅವುಗಳ ಹಿಂದೆಯೇ ಯಜಮಾನಿ.

"ಕೆನೆ ಹುಳಿ ಬಂದಿದೆ. ಬಟ್ಟಲು ಮೂಗಿನ ಹತ್ರ ತಂದ್ರೆ ಸಾಕು ಗೊತ್ತಾಗುತ್ತೆ. ನೀವು ನೋಡಲೇ ಇಲ್ವಾ?"

ಅವಳು ಬಟ್ಟಲನ್ನು ಮೂಗಿಗೆ ಹಿಡಿದಳು. ಚಮಚ ಬಾಯಿಗಿಟ್ಟಳು. ಬಿಸಿ, ನುಣುಪು... ಬೇರೇನೂ ಇಲ್ಲ.

ಹಿಂದೆ ನಲ್ಲಿಯ ಹತ್ತಿರ ಅಕ್ಕ ತನ್ನಷ್ಟಕ್ಕೇ ಗೊಣಗುತ್ತಿದ್ದಳು. "ಇವತ್ತು ಒಂದೂ ಚಿಕ್ಕ ಚಮಚ ಬಿದ್ದಿಲ್ಲ. ಕ್ಯಾಪ್ಟನ್ ಬಾಗಿಲಲ್ಲಿ ನಿಂತ ದಿನ ನನ್ನ ಕೈಗೆ ಆರಾಮ."

ಅವಳು ತಿರುಗಿ ಕಿಟಕಿಯಾಚೆಯ ಪುಟ್ಟ ಮೇಜನ್ನು ನೋಡಿದಳು.

ಇವಳಿಗೆ ಹಾಕಿದ ಆ ಬೆನ್ನು. ಪುಟ್ಟ ಮೇಜಿನ ಮೇಲೆ ಸದಾ ಇರುತ್ತಿದ್ದ ಉಪ್ಪು, ಹೋಳು ಮಾಡಿದ ನಿಂಬೆ. ಅವನು ಇದ್ದ ದಿನ ಊಟ ತಡ, ಆದರೆ ಚೆನ್ನ. ಅವನು ರಜೆ ಹಾಕಿದ ದಿನ ಊಟ ಬೇಗ, ಬಿಸಿ, ಬಾಯಿಗಿಡುವ ಹಾಗಿಲ್ಲ... ಇಷ್ಟು ದಿನ ತನ್ನ ಸೂಪ್ ಎಂದು ಜನ ಹೊಗಳಿದ್ದು ಅವನ ಚಮಚವನ್ನೂ ಸೇರಿಸಿ!

ಅಷ್ಟರಲ್ಲಿ ಬಾಗಿಲಿನಿಂದ ಅವನೇ ಓಡಿ ಬಂದ. ಬಟ್ಟಲು ಮೂಸಿದವನ ಮುಖ ಬಿಳಿಚಿತು.

"ನನ್ನ ತಪ್ಪು ಮೇಡಂ. ಆ ಡಬ್ಬಿ ಕೆಟ್ಟಿದೆ ಅಂತ ಅನುಮಾನ ಇತ್ತು. ಎತ್ತಿ ಬಿಸಾಕಬೇಕಿತ್ತು, ಮರೆತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೇವೆ. ಇಲ್ಲಿ ಎಮ್ಮೆಯೇ ತಾನಾಗಿ ಬೆನ್ನು ಒಡ್ಡಿ ನಿಂತಿತ್ತು.

"ಹಾಗಾದ್ರೆ ನಾಳೆಯಿಂದ ಬರಬೇಡಿ," ಎಂದರು ಯಜಮಾನಿ.

ಅವನು ತಲೆಯಾಡಿಸಿ ವೇಸ್ಟ್‌ಕೋಟಿನ ಗುಂಡಿ ಬಿಚ್ಚತೊಡಗಿದ. ಅವಳು ಸುಮ್ಮನಿದ್ದರೆ ಸಾಕಿತ್ತು. ಒಲೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಒಂದು ಗುಂಡಿ ಬಿಚ್ಚಿತು, ಎರಡನೆಯದಕ್ಕೆ ಅವನ ಬೆರಳು ಹೋಯಿತು...

"ನಿಲ್ಲಿ," ಎಂದಳು. ದನಿ ಅವಳದೆಂದು ಅವಳಿಗೇ ಅನ್ನಿಸಲಿಲ್ಲ. "ನನಗೆ ರುಚಿ ಗೊತ್ತಾಗಲ್ಲ ಮೇಡಂ. ವಾಸನೆನೂ ಇಲ್ಲ. ಜ್ವರ ಬಂದಾಗಿಂದ. ಇವರು ಪ್ರತಿ ತಟ್ಟೆನೂ ಕದ್ದು ರುಚಿ ನೋಡಿ, ಸರಿ ಮಾಡಿ ಕಳಿಸ್ತಿದ್ರು. ಡಬ್ಬಿ ಬದಲಾಯಿಸಿ ಅಂತ ನಿನ್ನೆನೇ ಹೇಳಿದ್ರು, ನಾನೇ ಕೇಳಲಿಲ್ಲ. ಹೋಗಬೇಕಾದವಳು ನಾನು."

ಅವನು ಕಣ್ಣು ಮುಚ್ಚಿಕೊಂಡ, ಇಷ್ಟು ದಿನ ಬಚ್ಚಿಟ್ಟದ್ದು ಕೈಜಾರಿ ಬಿದ್ದವನ ಹಾಗೆ.

ಯಜಮಾನಿ ಇಬ್ಬರನ್ನೂ ನೋಡಿದರು. "ಹೊರಗೆ ವಯಸ್ಸಾದವರು ಹಸಿದು ಕೂತಿದ್ದಾರೆ. ಮೊದಲು ಅವರಿಗೆ ಊಟ ಹಾಕಿ. ಇಬ್ಬರೂ ಸೇರಿ. ಮಾತು ಆಮೇಲೆ."

ಅವನು ಕಿಟಕಿಯ ಈಚೆಗೆ ಬಂದ. ಕೆನೆಯ ಹೊಸ ಡಬ್ಬಿ ತೆರೆದ. ಅವಳು ಸೌಟು ತಿರುವುತ್ತ ಕೇಳುತ್ತಿದ್ದಳು, ಅವನು ಚಮಚ ಬಾಯಿಗಿಟ್ಟು ಹೇಳುತ್ತಿದ್ದ.

"ಉಪ್ಪು?"

"ಸಾಕು."

"ಹುಳಿ?"

"ಎರಡು ಹನಿ. ಇನ್ನೊಂದು... ಸಾಕು, ಸಾಕು."

ಬಟ್ಟಲುಗಳು ಬಿಸಿಯಾಗಿಯೇ ಹೋದವು. ಮೇಜಿನ ಹಿರಿಯ ಹೆಂಗಸು ಬ್ರೆಡ್ಡಿನ ತುಂಡಿನಿಂದ ಬಟ್ಟಲು ಒರೆಸಿ ತಿಂದರು. ಅವರ ಮಗ ಮಾತ್ರ ಹೋಗುವಾಗಲೂ ತಡವಾಯಿತೆಂದು ಗೊಣಗಿದ. ಎಲ್ಲರನ್ನೂ ಮೆಚ್ಚಿಸಿದ ಹೋಟೆಲ್ ಯಾವುದಿದೆ?

ಕೊನೆಗೆ ಯಜಮಾನಿ ಅವಳಿಗೆ ಹೇಳಿದ್ದು ಇಷ್ಟೇ. "ನಾಲಿಗೆ ಹೋಗಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ ನನಗೆ ಸಿಟ್ಟು. ಇವರನ್ನ ಕಿಟಕಿಯ ಈ ಕಡೆನೇ ನಿಲ್ಲಿಸ್ಕೊಳ್ಳಿ. ತಟ್ಟೆ ಆರಬಾರದು."

ಮರುದಿನ ಬೆಳಿಗ್ಗೆ ಅವನು ಬಂದಾಗ ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಒಲೆಯ ಮೇಲೆ ಒಂದು ಪುಟ್ಟ ಪಾತ್ರೆ.

"ಯಾಕೆ ಒಂದು ಮಾತು ಹೇಳಲಿಲ್ಲ ನೀವು?"

"ಹೇಳಿದ್ರೆ ನೀವು ಒಲೆ ಬಿಡಬೇಕಾಗ್ತಿತ್ತು."

"ನಿಮಗೆ ಹೇಗೆ ಗೊತ್ತಾಯ್ತು?"

ಅವನು ತಡೆದು ತಡೆದು ಹೇಳಿದ. "ಇಲ್ಲಿ ಸೇರೋ ಮುಂಚೆ ಒಂದು ಸಲ ಊಟಕ್ಕೆ ಬಂದಿದ್ದೆ. ಅಪ್ಪ ಹೋದ್ಮೇಲೆ ಬಾಡಿಗೆ ಮನೆ ಖಾಲಿ ಮಾಡಿ, ಬೀಗದ ಕೈ ಕೊಟ್ಟು ಬಂದ ದಿನ. ನಿಮ್ಮ ಸೂಪ್ ಕುಡಿದೆ. ಮನೆಗೆ ಬಂದ ಹಾಗಾಯ್ತು. ಯಾರ ಕೈ ಇದು ಅಂತ ಕಿಟಕಿ ಕಡೆ ನೋಡಿದ್ರೆ, ನೀವು ಕಣ್ಣು ಮುಚ್ಚಿ ಸೌಟಿನ ವಾಸನೆ ನೋಡ್ತಿದ್ರಿ. ಅವತ್ತೇ ಇಲ್ಲಿ ಕೆಲಸ ಕೇಳಿದೆ, ಸಿಕ್ಕಿದ್ದು ಎಷ್ಟೋ ದಿನ ಆದ್ಮೇಲೆ. ಸೇರಿದ ದಿನ ನೋಡಿದ್ರೆ... ನೀವು ಕಣ್ಣೇ ಮುಚ್ಚಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಒಂದು ಚಿಕ್ಕ ಚಮಚದಲ್ಲಿ ಸೂಪ್ ತೆಗೆದು, ಊದಿ, ಅವನ ಬಾಯಿಯ ಹತ್ತಿರ ಹಿಡಿದಳು.

"ಹೇಳಿ."

"ಒಂದು ಚಿಟಿಕೆ ಉಪ್ಪು ಕಮ್ಮಿ."

ಹಾಕಿ, ತಿರುವಿ, ಮತ್ತೆ ಹಿಡಿದಳು. "ಈಗ?"

ಈ ಸಲ ಅವನೂ ಕಣ್ಣು ಮುಚ್ಚಿದ. "ಈಗ ಮನೆಗೆ ಬಂದ ಹಾಗಿದೆ."

"ಹಾಗಾದ್ರೆ ಇನ್ನು ಬಾಗಿಲ ಹತ್ರ ಹೋಗಬೇಡಿ."

"ಅಲ್ಲಿಗೆ ಕಳಿಸಿದ್ದು ನೀವೇ."

"ತಪ್ಪಾಯ್ತು. ನನ್ನ ನಾಲಿಗೆ ವಾಪಸ್ ಬಂದ್ಮೇಲೂ... ಹೋಗಬೇಡಿ."

ಅವನು ಅವಳ ಕೈಯಿಂದ ಚಮಚ ತೆಗೆದುಕೊಂಡು ವೇಸ್ಟ್‌ಕೋಟಿನ ಜೇಬಿಗೆ ಹಾಕಿಕೊಂಡ.

"ಹೋಗಲ್ಲ," ಎಂದ ಗಂಟುಮುಖ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.